ಪರರಾಜನ ಅರ್ಥ ಹೇಳಿದ ಮಳೆಗಾಲ

ಮೊನ್ನೆ ಬೆಳ್ಮಣ್‌ನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬರು ನನ್ನ ಪಕ್ಕದಲ್ಲಿ ಬಂದು ಕುಳಿತರು. ಎದುರು ಸೀಟಿನ ಹೆಂಗಸು ಮಲ್ಲಿಗೆಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮಳೆ ಹೊಡೆಯುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಗಾಯದ ಔಷಧ, ಮಲ್ಲಿಗೆ, ಒದ್ದೆ ಕೊಡೆಗಳ ವಾಸನೆ ಒಂದಕ್ಕೊಂದು ಬೆರೆತು ಬಸ್ಸಿನಲ್ಲಿ ನಿಂತುಬಿಟ್ಟಿತು. ಮುಂದಿನ ನಿಲ್ದಾಣದಲ್ಲಿ ನಾನು ಇಳಿದುಬಿಟ್ಟೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ಮಳೆಯಲ್ಲಿ ನಿಂತು ಮುಂದಿನ ಬಸ್ಸಿಗೆ ಕಾದೆ.

ಉದ್ಯಾವರದ ಸದಾಶಿವಣ್ಣನ ಮನೆಯ ಮುಂದಿನ ಕೋಣೆಗೆ ಒಂದು ಮಳೆಗಾಲವಿಡೀ ಇದೇ ವಾಸನೆಯಿತ್ತು. ಆ ಕೋಣೆಯಲ್ಲಿ ಲಿಬಿಯಾದಿಂದ ಬಂದ ಡಾಕ್ಟರ್ ಸಾಲೆಮ್ ಮಲಗಿದ್ದರು. ಅವರ ಕಾಲಿನ ಗಾಯದಿಂದ ವಾಸನೆ ಬರುತ್ತದೆಂದು ಅವರೇ ಸಂಕೋಚಪಡುತ್ತಿದ್ದರು. ಸದಾಶಿವಣ್ಣನ ಹೆಂಡತಿ ಸುಮತಿಯಕ್ಕ ದಿನವೂ ಒಂದು ಮೊಳ ಮಲ್ಲಿಗೆ ತಂದು ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದರು.

ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಓದಿದ ಕಾಲದಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಹೇಗೆ ಸಂಶಯಿಸಬೇಕು ಎಂದು ಕಲಿತವನು ನಾನು. ನನ್ನದೇ ಹೇಳಿಕೆಗೆ ರಿಯಾಯಿತಿ ಕೊಡಲು ಕಾರಣವಿಲ್ಲ. ಆ ಮಳೆಗಾಲದ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಸ್ವಲ್ಪ. ಉಳಿದದ್ದನ್ನು ನಾನು ಅನೇಕ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರತಿ ಸಲವೂ ನನಗೆ ಸ್ವಲ್ಪ ಅನುಕೂಲವಾಗುವಂತೆ ಹೇಳಿಕೊಂಡಿರಬಹುದು.

ಲಿಬಿಯಾದ ಹಳೆಯ ದೊರೆ ಬಿದ್ದು ಆಗಲೇ ಕೆಲವು ವರ್ಷಗಳಾಗಿದ್ದವು. ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಪಶ್ಚಿಮದ ದೇಶಗಳ ವಿಮಾನಗಳು ಲಿಬಿಯಾದ ಮೇಲೆ ಹಾರಿದ ಮೊದಲ ದಿನದಿಂದಲೂ ನಾನು ಅದಕ್ಕೆ ವಿರುದ್ಧವಾಗಿದ್ದೆ. ಸ್ಟಾಫ್ ರೂಮಿನಲ್ಲಿ ವಾದಿಸಿದ್ದೆ, ಲೇಖನ ಬರೆದಿದ್ದೆ. ಜನರನ್ನು ಕಾಪಾಡುತ್ತೇವೆಂದು ಬರುವ ಸೈನ್ಯ ಜನರನ್ನು ಕಾಪಾಡಿದಲ್ಲಿಗೆ ನಿಲ್ಲುವುದಿಲ್ಲ. ದೊರೆಯನ್ನು ಕೆಡವದೆ ಅದಕ್ಕೆ ಕೆಲಸ ಮುಗಿದಂತೆ ಅನಿಸುವುದಿಲ್ಲ. ಕೆಡವಿದ ಮೇಲೆ ಉಳಿಯಲು ಅದಕ್ಕೆ ಕಾರಣವಿಲ್ಲ. ಒಂದು ಆಡಳಿತವನ್ನು ಹೊರಗಿನಿಂದ ಕಿತ್ತರೆ, ಕೆಟ್ಟ ದೊರೆಯ ಜೊತೆಗೆ ನೀರು ಬಿಡುವವನು, ಸಂಬಳ ಹಂಚುವವನು, ಜಗಳ ಬಿಡಿಸುವವನು ಎಲ್ಲರೂ ಕಿತ್ತುಬರುತ್ತಾರೆ. ಹೀಗೆಲ್ಲ ಬರೆದಿದ್ದೆ. ಆಮೇಲೆ ಆ ದೇಶ ಎರಡು ಸರ್ಕಾರಗಳಾಗಿ, ಬೀದಿಗೊಂದು ಬಂದೂಕಿನ ಗುಂಪಾಗಿ ಒಡೆದಾಗ ನನಗೆ ದುಃಖವಾಯಿತು ಎಂದು ಹೇಳುತ್ತಿದ್ದೆ. ಒಳಗಿಂದ ಆಗುತ್ತಿದ್ದುದು ಬೇರೆ. ಪರೀಕ್ಷೆಯ ಉತ್ತರ ಸರಿಯಾದಾಗ ಆಗುವ ಖುಷಿ ಅದು.

ಸದಾಶಿವಣ್ಣನ ಪರಿಚಯವಾದದ್ದು ತಾಳಮದ್ದಳೆಯಲ್ಲಿ. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಆಗ ನಮ್ಮಂಥ ಹವ್ಯಾಸಿಗಳು ವೇಷವಿಲ್ಲದೆ, ಅಂಗಿ-ಪಂಚೆಯಲ್ಲಿ ಎದುರುಬದುರು ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುತ್ತೇವೆ. ಭಾಗವತರು ಪದ ಹೇಳುತ್ತಾರೆ, ನಾವು ಅರ್ಥ ಹೇಳುತ್ತೇವೆ. ಪದ ಬರೆದಿಟ್ಟದ್ದು, ಕತೆ ತಪ್ಪುವ ಹಾಗಿಲ್ಲ. ಮಾತು ಮಾತ್ರ ಅವರವರದ್ದು. ಸದಾಶಿವಣ್ಣ ಬೆಂಗಾಜಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಬಹಳ ಕಾಲ ಇದ್ದವರು. ಗಲಾಟೆ ಶುರುವಾಗಿ ಭಾರತೀಯರನ್ನು ಹಡಗಿನಲ್ಲಿ, ವಿಮಾನದಲ್ಲಿ ಕರೆತಂದಾಗಲೂ ಬಂದಿರಲಿಲ್ಲ. ರಕ್ತದ ಗುಂಪು ನೋಡುವವರು ಬೇಕಲ್ಲ ಎಂದು ಅಲ್ಲೇ ಉಳಿದರು. ಕೊನೆಗೆ, ದೊರೆ ಬಿದ್ದ ಮೇಲಿನ ಹೊಡೆದಾಟದಲ್ಲಿ ಆಸ್ಪತ್ರೆಯೂ ಮುಚ್ಚಿದಾಗ ಊರಿಗೆ ಬಂದರು. ನಮ್ಮ ಸಂಘದಲ್ಲಿ ಅವರಿಗೆ ಸಿಗುತ್ತಿದ್ದುದು ಸಣ್ಣ ಪಾತ್ರಗಳು: ದೂತ, ಮಂತ್ರಿ, ಹೆದರುವ ತಮ್ಮ.

ಡಾಕ್ಟರ್ ಸಾಲೆಮ್ ಆ ಲ್ಯಾಬಿನ ಮುಖ್ಯಸ್ಥರಾಗಿದ್ದರು. ಎಲ್ಲಿಂದಲೋ ಬಂದ ಶೆಲ್ಲಿನ ಚೂರು ಅವರ ಮೊಣಕಾಲಿನ ಕೆಳಗೆ ಹೊಕ್ಕು, ಮೂಳೆಗೆ ಕೀವಾಗಿ, ಅಲ್ಲಿ ನೋಡುವವರಿಲ್ಲದೆ, ಹಳೆಯ ಸ್ನೇಹಿತನನ್ನು ನೆನೆದು ಮಣಿಪಾಲಕ್ಕೆ ಬಂದರು. ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಡ್ರೆಸ್ಸಿಂಗಿಗೆ ಆಗಾಗ ಹೋಗಿಬರಬೇಕಿತ್ತು. ಸದಾಶಿವಣ್ಣನಿಗೆ ಕಾರು ಇರಲಿಲ್ಲ. ಕಾರ್ಕಳದಿಂದ ಉದ್ಯಾವರಕ್ಕೆ ಬಂದು, ಅಲ್ಲಿಂದ ಮಣಿಪಾಲಕ್ಕೆ ಕರೆದೊಯ್ಯುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಊರಿನವರು ನನ್ನನ್ನು ಹೊಗಳಿದರು. ನಿಜ ಹೇಳಬೇಕೆಂದರೆ, ನನ್ನ ಲೇಖನಗಳಿಗೆ ಅಲ್ಲಿಯವರೆಗೆ ಒಬ್ಬ ಮನುಷ್ಯನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದರು, ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ.

ಅವರಿಂದ ನನಗೆ ಬೇಕಾದದ್ದು ಸಿಗಲಿಲ್ಲ. ದಾರಿಯಲ್ಲಿ ನಾನು ಇಂಗ್ಲಿಷಿನಲ್ಲಿ ಯುದ್ಧದ ಬಗ್ಗೆ ಏನಾದರೂ ಕೇಳಿದರೆ ಅವರು ಗದ್ದೆಗಳ ಕಡೆ ತೋರಿಸಿ ಇಷ್ಟು ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದರು. ಸುಮತಿಯಕ್ಕನ ಜೊತೆ ಅವರಿಗೆ ಮಾತು ಹೆಚ್ಚು. ಆಕೆ ತುಳುವಿನಲ್ಲಿ ಹೇಳುವುದು, ಅವರು ಅರಬಿಯಲ್ಲಿ ಉತ್ತರಿಸುವುದು, ಇಬ್ಬರೂ ತಲೆಯಾಡಿಸುವುದು. ಅವರು ಕಲಿತ ಕನ್ನಡ 'ಸಾಕು' ಒಂದೇ. ಅದಕ್ಕೆ ಸುಮತಿಯಕ್ಕ, "ಇವರು ಸಾಕು ಹೇಳಿದ್ರೆ ಇನ್ನೊಂದು ದೋಸೆ ಅಂತ ಅರ್ಥ" ಎಂದು ನನ್ನೆದುರಿಗೇ ನಗುತ್ತಿದ್ದರು. ಸದಾಶಿವಣ್ಣ ಮಾತ್ರ ಅವರ ಜೊತೆ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ನೀರು ಬಿಸಿ ಮಾಡುವುದು, ಹಾಸಿಗೆ ಬದಲಿಸುವುದು, ಮಾತ್ರೆ ಕೊಡುವುದು ಎಲ್ಲ ಅವರೇ. ಕೆಲಸ ಮುಗಿದ ಕೂಡಲೇ ಅಂಗಳಕ್ಕೆ ಇಳಿದುಬಿಡುತ್ತಿದ್ದರು. ಇಷ್ಟು ವರ್ಷ ಒಟ್ಟಿಗಿದ್ದವರಿಗೆ ಮಾತು ಮುಗಿದಿರಬಹುದು ಎಂದುಕೊಂಡಿದ್ದೆ.

ಒಮ್ಮೆ ಡಾಕ್ಟರರನ್ನು ಎರಡನೆಯ ಸಲ ಆಸ್ಪತ್ರೆಗೆ ಸೇರಿಸಿ ನಾವಿಬ್ಬರೇ ಹಿಂತಿರುಗುತ್ತಿದ್ದೆವು. ಉದ್ಯಾವರದಲ್ಲಿ ಕಾರು ನಿಧಾನಿಸಿದರೆ ಸದಾಶಿವಣ್ಣ, "ಮಾಷ್ಟ್ರೆ, ಸ್ವಲ್ಪ ಕಾಪುವಿಗೆ ಹೋಗುವನಾ? ಮನೆಗೆ ಈಗ ಬೇಡ" ಎಂದರು. ದೀಪಸ್ತಂಭದ ಹತ್ತಿರ, ಕಡಲಿಗೆ ಮುಖ ಮಾಡಿ ಕಾರು ನಿಲ್ಲಿಸಿದೆ. ಕಡಲು ಕೆಸರಿನ ಬಣ್ಣಕ್ಕೆ ತಿರುಗಿತ್ತು. ವೈಪರ್ ನಿಲ್ಲಿಸಿದ ಮೇಲೆ ಅದೂ ಕಾಣಲಿಲ್ಲ. ಗಾಜಿನ ಮೇಲೆ ನೀರು, ಅದರಾಚೆ ಸದ್ದು.

ಅವರು ಹೇಳಿದ್ದು ಇದು. ದೊರೆಯ ಟ್ಯಾಂಕುಗಳು ಬೆಂಗಾಜಿಯ ಅಂಚಿಗೆ ಬಂದಿದ್ದವು. ಊರು ಉಳಿಯುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದರು. ಅಷ್ಟರಲ್ಲಿ ವಿಮಾನಗಳು ಬಂದು ಆ ಟ್ಯಾಂಕುಗಳ ಸಾಲನ್ನೇ ಸುಟ್ಟವು. ಬೆಳಗಾದಾಗ ಊರಿಗೆ ಊರೇ ಬೀದಿಯಲ್ಲಿ. ಸದಾಶಿವಣ್ಣ ಹಾಸ್ಟೆಲಿನ ಅಡಿಗೆಮನೆಯಲ್ಲಿದ್ದ ರವೆಯನ್ನೆಲ್ಲ ಹುರಿದು, ಸಕ್ಕರೆ ಹಾಕಿ ಉಂಡೆ ಕಟ್ಟಿ, ಒಂದು ಟ್ರೇಯಲ್ಲಿ ಹಿಡಿದುಕೊಂಡು ಆಸ್ಪತ್ರೆಯಿಡೀ ಹಂಚಿದರು. ದಾದಿಯರಿಗೆ, ಕಾವಲಿನವರಿಗೆ, ಕೈಕಾಲು ಕಟ್ಟಿಸಿಕೊಂಡು ಮಲಗಿದವರಿಗೆ.

"ಆ ಟ್ಯಾಂಕಿನಲ್ಲಿ ಒಂದರಲ್ಲಿ ಡಾಕ್ಟರ್‌ದು ತಮ್ಮ ಇದ್ದ ಮಾಷ್ಟ್ರೆ. ಸಣ್ಣವ. ಸೈನ್ಯದಲ್ಲಿ ಡ್ರೈವರ್. ನಮ್ಮ ಲ್ಯಾಬಿಗೆ ಬಂದು ಚಾ ಕುಡಿದು ಹೋಗ್ತಿದ್ದ."

ಅದು ಸದಾಶಿವಣ್ಣನಿಗೆ ಗೊತ್ತಾದದ್ದು ಆಮೇಲೆ. ಉಂಡೆ ಹಂಚಿದ್ದು ಡಾಕ್ಟರರಿಗೆ ಗೊತ್ತಿಲ್ಲ, ಅವರು ಅಂದು ಆಸ್ಪತ್ರೆಯಲ್ಲೇ ಇರಲಿಲ್ಲ ಎಂದರು. ಈಗ ಅದೇ ಡಾಕ್ಟರ್ ಉಳಿದುಕೊಂಡಿರುವುದು ಸದಾಶಿವಣ್ಣನ ಮನೆಯಲ್ಲಿ. ಅವರು ಊರಿಗೆ ಹೊರಡುವ ಮೊದಲು ಇದನ್ನು ಹೇಳಬೇಕು, ಹೇಳದಿದ್ದರೆ ಇನ್ನು ಆಗುವುದಿಲ್ಲ, ಆದರೆ ಎದುರಿಗೆ ಕೂತರೆ ಬಾಯಿ ಬರುವುದಿಲ್ಲ ಎಂದರು.

ಆಗ ನಾನು ಕೇಳಿದ ಪ್ರಶ್ನೆ ನೆನೆದರೆ ಈಗಲೂ ಮೈ ಕುಗ್ಗುತ್ತದೆ. ವಿಮಾನಗಳು ಬರದೇ ಇದ್ದಿದ್ದರೆ ಏನಾಗುತ್ತಿತ್ತು, ನೀವೇ ಉಳಿಯುತ್ತಿರಲಿಲ್ಲವಲ್ಲ ಎಂದು ಕೇಳಿದೆ. ನನ್ನ ವಾದದಲ್ಲಿದ್ದ ತೂತು ಅದೊಂದೇ. ಅದನ್ನು ಮುಚ್ಚಿಕೊಳ್ಳಲು ಅವರ ಬಾಯಿಂದ ಉತ್ತರ ಬೇಕಿತ್ತು.

"ಬರದಿದ್ರೆ ನಾನು ಸತ್ತಿರ್ತಿದ್ದೆನೋ ಏನೋ," ಎಂದರು. "ಆದ್ರೆ ಟ್ಯಾಂಕ್ ನಿಲ್ಲಿಸ್ಲಿಕ್ಕೆ ಬಂದವರು ನಿಲ್ಲಿಸಿ ಹೋಗ್ಬೇಕಿತ್ತಲ್ವಾ? ಹೋಗ್ಲಿಲ್ಲ. ದೊರೆ ಬೀಳುವವರೆಗೆ ಮೇಲೆ ಹಾರ್ತಾ ಇದ್ರು. ಅವ ಬಿದ್ದ ಮೇಲೆ, ನಾವು ನಾವೇ ಹೊಡ್ಕೊಳ್ಳುವಾಗ, ಆಕಾಶ ಖಾಲಿ. ಒಂದು ಹಕ್ಕಿ ಇಲ್ಲ."

ಕಾರು ತಿರುಗಿಸಿದೆ. ಲೇಖನಕ್ಕೆ ಬೇಕಾಗುವ ಆ ಮಾತನ್ನು ಮರೆಯಬಾರದೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕುಳಿತವರ ಮುಖ ಹೇಗಿತ್ತು ಎಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ.

ಕಾರ್ಕಳದಲ್ಲಿ ನಮ್ಮ ಸಂಘದ ತಾಳಮದ್ದಳೆ ನಡೆದದ್ದು ಇದಾಗಿ ಕೆಲವು ದಿನಗಳಿಗೆ. ಶ್ರಾವಣ ಎಂದು ನನ್ನ ನೆನಪು. ಭಾಗವತರು ಅದಕ್ಕೆ ಮೊದಲಿನ ಆಟಿ ತಿಂಗಳೇ ಎನ್ನುತ್ತಾರೆ. ನಮ್ಮ ಸಂಘದ ನಿವೃತ್ತ ಶಿಕ್ಷಕರೊಬ್ಬರು ಬರೆದ ಹೊಸ ಪ್ರಸಂಗ. ಕತೆ ಸರಳ. ಕಡಲತಡಿಯ ಒಂದು ರಾಜ್ಯ. ಅಲ್ಲಿ ಆಳುವ ಅಣ್ಣ ಕ್ರೂರಿ. ತಮ್ಮ ಓಡಿಹೋಗಿ ದೂರದ ಬಲಿಷ್ಠ ಅರಸನೊಬ್ಬನ ಕಾಲಿಗೆ ಬೀಳುತ್ತಾನೆ. ಆ ಪರರಾಜ ಬಂದು, ಊರ ಹೊರಗೆ ನಿಂತ ಅಣ್ಣನ ರಥಗಳನ್ನು ಬೆಂಕಿಯ ಬಾಣಗಳಿಂದ ಸುಟ್ಟು, ಅಣ್ಣನನ್ನು ಕೊಂದು, ತಮ್ಮನಿಗೆ ಪಟ್ಟ ಕಟ್ಟುತ್ತಾನೆ. ತಮ್ಮ ಅವನನ್ನು ಹೊಗಳುತ್ತಾನೆ. ಮಂಗಳ.

ಅಣ್ಣನ ಪಾತ್ರ ಕಾರ್ಕಳದ ವಕೀಲರೊಬ್ಬರಿಗೆ. ತಮ್ಮ ಎಂದಿನಂತೆ ಸದಾಶಿವಣ್ಣ. ಪರರಾಜ ನಾನು. ಬೇರೆಯವರು ಈ ಪಾತ್ರಕ್ಕೆ ನನ್ನನ್ನು ಒತ್ತಾಯಿಸಿದರು ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಭಾಗವತರನ್ನು ಕೇಳಿದರೆ, "ನೀವೇ ಕೇಳಿ ತಕ್ಕೊಂಡದ್ದಲ್ವಾ ಮಾಷ್ಟ್ರೆ, ಅದರಲ್ಲಿ ಮಾತಿಗೆ ಜಾಗ ಉಂಟು ಅಂತ" ಎನ್ನುತ್ತಾರೆ. ಅವರೇ ಸರಿ ಇರಬೇಕು.

ಮಧ್ಯಾಹ್ನ ಊಟವಾದ ಮೇಲೆ ಶುರುವಾಯಿತು. ಆಸ್ಪತ್ರೆಯಿಂದ ಮರಳಿ ಮನೆಯಲ್ಲಿ ಮಲಗಿ ಬೇಸತ್ತಿದ್ದ ಡಾಕ್ಟರ್ ಸಾಲೆಮ್ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಿದ್ದರು. ಸಭಾಭವನದ ಮೊದಲ ಸಾಲಿನಲ್ಲಿ ಅವರಿಗೊಂದು ಕುರ್ಚಿ, ಕಾಲಿಗೊಂದು ಸ್ಟೂಲು. ಪಕ್ಕದಲ್ಲಿ ಊರುಗೋಲು. ಒಂದಕ್ಷರ ಅರ್ಥವಾಗದಿದ್ದರೂ ಮದ್ದಳೆಗೆ ಬೆರಳು ಕುಣಿಸುತ್ತಿದ್ದರು. ಹೆಂಚಿನ ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ನಾವು ಮೈಕನ್ನು ಬಾಯಿಗೆ ಒತ್ತಿ ಹಿಡಿದು ಮಾತಾಡಬೇಕಾಯಿತು.

ವಕೀಲರ ಜೊತೆಗಿನ ವಾದದಲ್ಲಿ ನಾನು ಗೆದ್ದೆ. ನನ್ನ ಊರಿನ ವಿಚಾರ ಕೇಳಲು ನೀನು ಯಾರು ಎಂದು ಅವರು ಕೇಳಿದರು. ಪ್ರಜೆಯ ಕೂಗಿಗೆ ಗಡಿಯಿಲ್ಲ, ಕೇಳಿಸಿಕೊಂಡವನಿಗೆ ಕರ್ತವ್ಯ ಹುಟ್ಟುತ್ತದೆ ಎಂದೆ. ಹಾಗಾದರೆ ನಿನ್ನ ನೆರೆಯಲ್ಲೇ ಕೂಗುವವರು ಯಾಕೆ ಕೇಳಿಸಲಿಲ್ಲ, ನನ್ನ ಬಂದರು ಮಾತ್ರ ಯಾಕೆ ಕಾಣಿಸಿತು ಎಂದರು. ಎಲ್ಲ ಕಡೆ ಹೋಗಲಾರೆನೆಂದು ಒಂದು ಕಡೆಯೂ ಹೋಗದಿರಲೇ ಎಂದೆ. ಚಪ್ಪಾಳೆ. ನಾನು ವರ್ಷಗಟ್ಟಲೆ ತರಗತಿಯಲ್ಲಿ ಖಂಡಿಸಿದ್ದ ಮಾತುಗಳೇ ಇವು. ಖಂಡಿಸಲೆಂದು ಅಷ್ಟು ಚೆನ್ನಾಗಿ ಕಲಿತಿದ್ದೆ. ಬಾಯಿಗೆ ತಾವಾಗಿಯೇ ಬಂದವು. ಅವು ಎಷ್ಟು ಸುಲಭವಾಗಿ ಕಿವಿಗೆ ಹಿತವಾಗುತ್ತವೆ ಎಂಬುದನ್ನು ಯಾವ ಲೇಖನದಲ್ಲೂ ನಾನು ಬರೆದಿರಲಿಲ್ಲ.

ಅಣ್ಣ ಸತ್ತ. ಭಾಗವತರು ಪಟ್ಟಾಭಿಷೇಕದ ಪದ ಹಾಡಿದರು. ಇನ್ನು ತಮ್ಮ ನಾಲ್ಕು ಮಾತು ಹೊಗಳಿ ಮುಗಿಸಬೇಕು. ಸದಾಶಿವಣ್ಣ ಸುಮ್ಮನೆ ಕುಳಿತಿದ್ದರು. ಮರೆತರೆಂದುಕೊಂಡು ಭಾಗವತರು ಪದದ ಕೊನೆಯ ಸಾಲನ್ನು ಇನ್ನೊಮ್ಮೆ ಎತ್ತಿಕೊಟ್ಟರು. ಆಗ ಅವರು ನನ್ನ ಕಡೆ ತಿರುಗಿ, ಕೈಮುಗಿದು ಕೇಳಿದರು:

"ಮಹಾರಾಜಾ, ತಾವು ಹೊರಡುವುದು ಯಾವಾಗ?"

"ನಿನ್ನ ಪಟ್ಟಾಭಿಷೇಕ ಮುಗಿದೊಡನೆ. ಪರರ ನೆಲದ ಮೇಲೆ ನನಗೆ ಆಸೆಯಿಲ್ಲ."

"ಹಾಗಾದರೆ ನಾಳೆ ಬೆಳಗ್ಗೆ ಈ ಕೋಟೆಯ ಬಾಗಿಲು ತೆರೆಯುವವರು ಯಾರು? ಕಾವಲಿನವರು ಸತ್ತಿದ್ದಾರೆ. ಊರ ಕೆರೆಯ ತೂಬು ಎತ್ತುವವರು ಓಡಿಹೋಗಿದ್ದಾರೆ. ಸತ್ತವರ ಮನೆಯವರೂ ಕೊಂದವರ ಮನೆಯವರೂ ಒಂದೇ ಬೀದಿಯಲ್ಲಿದ್ದಾರೆ. ಇವರನ್ನೆಲ್ಲ ಈ ಕಿರೀಟವೊಂದರಿಂದ ನಾನು ಹೇಗೆ ಹಿಡಿದಿಡಲಿ? ಅಣ್ಣ ಕೆಟ್ಟವನು, ನಿಜ. ಆತನನ್ನು ಇಳಿಸುವುದು ನಮ್ಮ ಕೆಲಸವಾಗಿತ್ತು. ಹತ್ತು ವರ್ಷ ಹಿಡಿಯುತ್ತಿತ್ತೋ ಏನೋ. ಆ ಹತ್ತು ವರ್ಷದಲ್ಲಿ ಅವನಾದ ಮೇಲೆ ಹೇಗೆ ಬದುಕಬೇಕೆಂದು ನಾವು ಕಲಿಯುತ್ತಿದ್ದೆವು. ತಾವು ಅದನ್ನು ಒಂದು ಬೆಳಗಿನಲ್ಲಿ ಮುಗಿಸಿಕೊಟ್ಟಿರಿ."

ಹೆದರುವ ತಮ್ಮನಿಂದ ಯಾರೂ ಇಂಥ ಮಾತು ನಿರೀಕ್ಷಿಸಿರಲಿಲ್ಲ. ಅವರು ಹೇಳಿದ್ದು ನನ್ನದೇ ಲೇಖನ, ನಾನು ಬರೆಯಲಾರದಷ್ಟು ಚೆನ್ನಾಗಿ. ಅಲ್ಲಿಗೆ ತಲೆಬಾಗಿ ಸುಮ್ಮನಾಗಿದ್ದರೆ ಪ್ರಸಂಗ ಮುಗಿಯುತ್ತಿತ್ತು. ಆದರೆ ಅರ್ಥಧಾರಿಗೆ ಸೋತು ಕೂರುವುದು ಬರುವುದಿಲ್ಲ. ನನ್ನೆದುರು ಮೈಕು ಇತ್ತು.

"ಕರೆದವನು ನೀನೇ ಅಲ್ಲವೇ?" ಎಂದೆ.

ದೊಡ್ಡ ಚಪ್ಪಾಳೆ ಬಿತ್ತು. ಇಷ್ಟು ಖಚಿತ. ಅದರ ಮುಂದಿನ ಮಾತೇ ನನ್ನನ್ನು ಕಾಡುವುದು. "ರಥಗಳು ಉರಿಯುವಾಗ ಊರಿಗೆಲ್ಲ ಸಿಹಿ ಹಂಚಿದವನೂ ನೀನೇ ಅಲ್ಲವೇ?" ಪ್ರಸಂಗದಲ್ಲಿ ಸಿಹಿಯ ಸುದ್ದಿಯೇ ಇಲ್ಲ. ಅದು ಕಾಪುವಿನಲ್ಲಿ ಕಾರಿನೊಳಗೆ ನನ್ನನ್ನು ನಂಬಿ ಹೇಳಿದ ಮಾತು. ಅದನ್ನು ನಾನು ಸಭೆಯಲ್ಲಿ ಆಯುಧ ಮಾಡಿಕೊಂಡೆನೇ? ನನ್ನ ಕಿವಿಯಲ್ಲಿ ಅದು ನನ್ನ ದನಿಯಲ್ಲೇ ಇದೆ. ಭಾಗವತರು ಇಲ್ಲವೆನ್ನುತ್ತಾರೆ. ನೀವು 'ಕರೆದವನು ನೀನೇ' ಎಂದಷ್ಟೇ ಹೇಳಿ ನಿಲ್ಲಿಸಿದಿರಿ, ಸಿಹಿಯ ಮಾತು ಸದಾಶಿವಣ್ಣ ತಾವಾಗಿ ತೆಗೆದದ್ದು ಎಂದು ಅವರ ವಾದ. ಅವರು ಹೇಳಿದ್ದನ್ನು ನಂಬಲು ನನಗೆ ಬಹಳ ಆಸೆ. ಆಸೆಯಿರುವುದರಿಂದಲೇ ನಂಬಲು ಆಗುತ್ತಿಲ್ಲ.

ಯಾರು ತೆಗೆದರೇನು, ಉತ್ತರ ಸದಾಶಿವಣ್ಣನದ್ದು. ಅದು ನನಗೆ ಮಾತು ಮಾತೂ ನೆನಪಿದೆ.

"ಹೌದು, ಹಂಚಿದೆ. ಬೆಂಗಾಜಿಯಲ್ಲಿ ನಾನು ಹಂಚಿದೆ. ಆ ರಥದೊಳಗೆ ಯಾರ ತಮ್ಮ ಇದ್ದಾನೆಂದು ಕೇಳದೆ ಹಂಚಿದೆ. ಬಾಣ ಬಿಟ್ಟವನಿಗೆ ಅದು ಕಾಣುವುದಿಲ್ಲ ಮಹಾರಾಜಾ, ಅವನು ದೂರದಲ್ಲಿರುತ್ತಾನೆ. ನನಗೆ ಕಾಣಬೇಕಿತ್ತು. ನಾನು ಆ ಊರಿನ ಅನ್ನ ತಿಂದವನು."

ಊರಿನ ಹೆಸರು ಪಾತ್ರದ ನಡುವೆ ಹೇಗೆ ಬಂತೆಂದು ಅವರಿಗೇ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಕೆಲವರು ಅದನ್ನು ಹೊಸ ರೀತಿಯ ಅರ್ಥಗಾರಿಕೆ ಎಂದುಕೊಂಡು ಮತ್ತೆ ಚಪ್ಪಾಳೆ ಹೊಡೆದರು. ಪಟ್ಟವನ್ನು ಅವರು ಒಪ್ಪಿಕೊಳ್ಳಲೇ ಇಲ್ಲ. ಹಾಗೆ ಪ್ರಸಂಗ ಮುಗಿಸುವಂತಿರಲಿಲ್ಲ. ಭಾಗವತರು ಒಂದು ಕ್ಷಣ ನನ್ನ ಮುಖ ನೋಡಿ ನೇರ ಮಂಗಳಪದಕ್ಕೆ ಹೋದರು.

ಆಮೇಲೆ ಎಲ್ಲರೂ ಚಹಾಕ್ಕೆ ನಿಂತಾಗ ವಕೀಲರು ನನ್ನ ಬೆನ್ನು ತಟ್ಟಿ, ಕರೆದವನು ನೀನೇ ಎಂಬ ಒಂದು ಮಾತಿನಲ್ಲಿ ಸಭೆಯನ್ನು ಗೆದ್ದಿರಿ ಎಂದರು. ನಾನು ಜಗಲಿಗೆ ಬಂದೆ. ಡಾಕ್ಟರ್ ಸಾಲೆಮ್ ಅಲ್ಲಿ ಊರುಗೋಲಿಗೆ ಒರಗಿ ಮಳೆ ನೋಡುತ್ತ ನಿಂತಿದ್ದರು. ಅವರು ಕೇಳಿದ್ದು ಇಂಗ್ಲಿಷಿನಲ್ಲಿ. ನನ್ನೊಳಗೆ ಅದು ಕನ್ನಡವಾಗಿಯೇ ಉಳಿದಿದೆ.

"ಅವನು ನಮ್ಮ ಊರಿನ ಹೆಸರು ಹೇಳಿದ. ಯಾಕೆ?"

ಇದು ರಾಜರ ಕತೆ, ಹಳೆಯ ಕಾಲದ್ದು ಎಂದೇನೋ ಹೇಳತೊಡಗಿದೆ. ಅವರು ಸುಮ್ಮನೆ ಕಾದರು. ಆಸ್ಪತ್ರೆಯ ವರದಿ ಓದುವವರ ತಾಳ್ಮೆ. ನಾನು ಎಲ್ಲವನ್ನೂ ಹೇಳಿದೆ: ಟ್ರೇ, ಉಂಡೆ, ಅವರ ತಮ್ಮ. ಹೇಳುವಾಗ ಇಬ್ಬರಿಗೂ ಉಪಕಾರ ಮಾಡುತ್ತಿದ್ದೇನೆ, ಸದಾಶಿವಣ್ಣನ ಬಾಯಿಂದ ಬಾರದ್ದನ್ನು ನಾನು ಬಿಡಿಸಿಕೊಡುತ್ತಿದ್ದೇನೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ಡಾಕ್ಟರರು ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ, "ನನಗೂ ಕೊಟ್ಟಿದ್ದ" ಎಂದರು. "ನಾನು ತಿಂದೆ. ಚೆನ್ನಾಗಿತ್ತು. ಇನ್ನೊಂದು ಕೇಳಿ ತೆಗೆದುಕೊಂಡೆ. ತಮ್ಮ ಅಲ್ಲಿದ್ದನೆಂದು ನನಗೆ ತಿಳಿದದ್ದು ಮರುದಿನ."

ಅದನ್ನು ನಾನು ಸುದ್ದಿಯಂತೆ ಹೊತ್ತುಕೊಂಡು ಸದಾಶಿವಣ್ಣನ ಬಳಿ ಹೋದೆ. ಇಷ್ಟು ವರ್ಷ ಹೊತ್ತ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಮರುದಿನ ಬೆಳಗ್ಗೆ, ಉದ್ಯಾವರದ ಮನೆಯ ಹಿಂದೆ ಅವರು ಬಚ್ಚಲಿನ ಒಲೆಗೆ ತೆಂಗಿನ ಮಡಲು ಒಡ್ಡುತ್ತಿದ್ದರು, ಡಾಕ್ಟರರ ಸ್ನಾನದ ನೀರಿಗೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಒದ್ದೆ ಮಡಲು ಹೊಗೆಯಾಡುತ್ತಿತ್ತು.

"ಇಲ್ಲ," ಎಂದರು. "ಡಾಕ್ಟರಿಗೆ ನಾನು ಕೊಡ್ಲೇ ಇಲ್ಲ. ಅವ್ರು ಅವತ್ತು ಆಸ್ಪತ್ರೆಯಲ್ಲಿ ಇರ್ಲಿಲ್ಲ. ನನ್ನ ಸಮಾಧಾನಕ್ಕೆ ಹಾಗೆ ಹೇಳಿದ್ದು ಅವ್ರು."

ನಿಮಗೆ ಮರೆತಿರಬಹುದು ಎಂದೆ.

"ಮರೆಯುವಂಥದ್ದಾ ಅದು ಮಾರಾಯ್ರೆ?" ಒಲೆಯನ್ನು ಊದಿ, ಕಣ್ಣು ಒರೆಸಿಕೊಂಡು, ಸಿಟ್ಟಿಲ್ಲದೆ ಕೇಳಿದರು: "ನಾನು ಹೇಳುವವ ಇದ್ದೆ. ನೀವ್ಯಾಕೆ ಹೇಳಿದ್ದು ಮಾಷ್ಟ್ರೆ? ನಿಮ್ಮನ್ನು ಯಾರು ಕರೆದದ್ದು?"

ಸುಮತಿಯಕ್ಕ ಒಳಗಿನಿಂದ ಬಂದು, ತಿಂಡಿ ತಿಂದು ಹೋಗಿ, ಬರೀ ಹೊಟ್ಟೆಯಲ್ಲಿ ಹೋಗಬೇಡಿ ಎಂದರು. ನಾನು ತಿನ್ನಲಿಲ್ಲ ಎಂದು ನೆನಪು. ತಿಂದ ಹಾಗೂ ನೆನಪು.

ಆಮೇಲಿನ ದಿನಗಳಲ್ಲಿ ಆ ಮನೆಗೆ ಹೋಗುವುದು ಕಷ್ಟವಾಗತೊಡಗಿತು. ಯಾರೂ ನನಗೆ ಏನೂ ಅನ್ನಲಿಲ್ಲ. ಡ್ರೆಸ್ಸಿಂಗಿಗೆ ಕರೆದೊಯ್ಯುವಾಗ ಸದಾಶಿವಣ್ಣ ಈಗ ಮುಂದಿನ ಸೀಟು ಬಿಟ್ಟು ಡಾಕ್ಟರರ ಪಕ್ಕದಲ್ಲೇ ಕೂರುತ್ತಿದ್ದರು, ಮಾತು ಮಾತ್ರ ಇಬ್ಬರಲ್ಲೂ ಇರಲಿಲ್ಲ. ನಾನು ಮುರಿದದ್ದು ಏನನ್ನು, ಅಥವಾ ಏನಾದರೂ ಮುರಿದೆನೇ ಎಂಬುದೂ ನನಗೆ ತಿಳಿಯುವಂತಿರಲಿಲ್ಲ. ಕಾಲೇಜಿನಲ್ಲಿ ಲಿಬಿಯಾದ ಪಾಠ ಬಂದಾಗ ಟಿಪ್ಪಣಿ ನೋಡದೆ ಮಾಡುತ್ತಿದ್ದ ನಾನು, ಟಿಪ್ಪಣಿಯನ್ನೇ ಓದಿ ಹೇಳಿ ಮುಗಿಸಿದೆ. ಹೊರಗಿನವರ ಸೈನ್ಯದ ಬಗ್ಗೆ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅದು ಸರಿಯಾದ ಅಭಿಪ್ರಾಯವೇ, ಇಂದಿಗೂ. ಅದನ್ನು ಗಳಿಸಲು ನಾನು ಏನನ್ನೂ ಕಳೆದುಕೊಂಡಿರಲಿಲ್ಲ, ಅಷ್ಟೆ. ಸದಾಶಿವಣ್ಣ ತಪ್ಪಾಗಿ ಖುಷಿಪಟ್ಟಿದ್ದರು, ಡಾಕ್ಟರರೂ ಖುಷಿಪಟ್ಟಿದ್ದರೋ ಏನೋ; ಅವರಿಬ್ಬರೂ ಆ ಟ್ಯಾಂಕುಗಳ ಎದುರಿಗಿದ್ದವರು. ನಾನು ಕಾರ್ಕಳದಲ್ಲಿ ಕುಳಿತು ಸರಿಯಾಗಿದ್ದೆ.

ಮಳೆ ಹಿಂದೆ ಸರಿಯುತ್ತಿದ್ದಾಗ ಡಾಕ್ಟರರು ಹೊರಟರು. ಕಾಲು ಉಳಿದಿತ್ತು. ಊರಿನಲ್ಲಿ ಇನ್ನೂ ಗುಂಡಿನ ಸದ್ದು ನಿಂತಿರಲಿಲ್ಲ, ಆದರೆ ಮನೆಯವರು ಅಲ್ಲಿದ್ದರು. ಸುಮತಿಯಕ್ಕ ಅವರ ಚೀಲಕ್ಕೆ ಹಪ್ಪಳ, ಉಪ್ಪಿನಕಾಯಿ ತುಂಬಿಸಿ, ತುಳುವಿನಲ್ಲಿ ಉದ್ದಕ್ಕೆ ಏನೋ ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡರು. ಡಾಕ್ಟರರು ತಲೆಬಾಗಿ ಪೂರ್ತಿ ಕೇಳಿದರು. ಮಂಗಳೂರಿನ ವಿಮಾನ ನಿಲ್ದಾಣಕ್ಕೆ ನಾನೇ ಬಿಡಬೇಕಿತ್ತು. ಬೇರೆ ಕಾರು ಮಾಡಿಕೊಳ್ಳುತ್ತಾರೆಂದು ಎಣಿಸಿದ್ದೆ. ಅವರು ಹಾಗೆ ಮಾಡಲಿಲ್ಲ.

ಕಾಪು ದಾಟಿದ ಮೇಲೆ, ಹಿಂದಿನ ಸೀಟಿನಲ್ಲಿ ಡಾಕ್ಟರರ ಪಕ್ಕ ಕುಳಿತಿದ್ದ ಸದಾಶಿವಣ್ಣ ಅರಬಿಯಲ್ಲಿ ಮಾತು ಶುರುಮಾಡಿದರು. ಅವರ ಅರಬಿಯನ್ನು ನಾನು ಅಲ್ಲಿಯವರೆಗೆ ಸರಿಯಾಗಿ ಕೇಳಿಯೇ ಇರಲಿಲ್ಲ. ವೇಗವಾಗಿತ್ತು, ಧೈರ್ಯವಾಗಿತ್ತು, ಸಣ್ಣ ಪಾತ್ರಗಳ ಮನುಷ್ಯನ ದನಿಯಲ್ಲ ಅದು. ಡಾಕ್ಟರರು ಅವರನ್ನು ತಡೆದರು. ಇವರು ಮತ್ತೆ ಹೇಳಿದರು. ಅವರು ಇಲ್ಲವೆನ್ನುವಂತೆ ಏನೋ ಹೇಳಿ ಸೀಟಿಗೆ ಅಂಗೈಯಿಂದ ಬಡಿದರು. ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಜಗಳವೇ ಅದು, ಸಂಶಯವಿಲ್ಲ. ಕೊಟ್ಟೆನೋ ಇಲ್ಲವೋ ಎಂಬುದರ ಬಗ್ಗೆ ಇರಬಹುದು, ಸತ್ತ ತಮ್ಮನ ಬಗ್ಗೆ ಇರಬಹುದು, ನನ್ನ ಬಗ್ಗೆಯೂ ಇರಬಹುದು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಪಡುಬಿದ್ರಿಯ ಹತ್ತಿರ ಮಾತು ಒಮ್ಮೆಲೇ ನಿಂತಿತು. ಬಿಕ್ಕುವ ಸದ್ದು ಕೇಳಿತು, ಯಾರದೆಂದು ಗೊತ್ತಾಗಲಿಲ್ಲ.

ನನ್ನ ಕಣ್ಣು ತಾನಾಗಿ ಮೇಲಿನ ಕನ್ನಡಿಗೆ ಹೋಯಿತು. ಅದರಲ್ಲಿ ಒಂದು ಭುಜ, ಅದರ ಮೇಲೆ ಒಂದು ಕೈ ಕಂಡಿತು. ನಾನು ಕೈಯೆತ್ತಿ ಕನ್ನಡಿಯನ್ನು ಕಾರಿನ ಚಾವಣಿಯ ಕಡೆಗೆ ತಿರುಗಿಸಿದೆ. ಹಿಂದೆ ಬರುವ ಲಾರಿಗಳು ಕಾಣದೆ, ಮುಂದಿನ ರಸ್ತೆಯನ್ನಷ್ಟೇ ನೋಡುತ್ತ, ನಿಧಾನವಾಗಿ ಕಾರು ಬಿಟ್ಟೆ.